ಹೆಸರು ಬರಲಿಲ್ಲ, ಪಿನ್ ಕೋಡ್ ಬಂತು

ಮೈಸೂರು
23 ಜನವರಿ 2025, ಗುರುವಾರ

ಕೊನೆಗೂ ಇವತ್ತು ಡಾಕ್ಟರ ಹತ್ತಿರ ಹೋಗಿಬಂದದ್ದಾಯಿತು. ಮಗಳ ಹಟ. ಸಂಕ್ರಾಂತಿಯಂದು ಎಳ್ಳು ಬೀರಲು ಬಂದ ಎದುರುಮನೆಯ ಹೊಸ ಸೊಸೆಯ ಹೆಸರು ನನ್ನ ನಾಲಿಗೆ ತುದಿಗೆ ಬಂದು ನಿಂತುಬಿಟ್ಟಿತ್ತು. ಅಷ್ಟಕ್ಕೇ ಇವಳು ಮೊಬೈಲಿನಲ್ಲಿ ಮರೆವಿನ ಕಾಯಿಲೆಯ ಬಗ್ಗೆ ಏನೇನೋ ಓದಿಕೊಂಡು ಗಾಬರಿಯಾಗಿದ್ದಳು.

ಡಾಕ್ಟರು ಚಿಕ್ಕ ವಯಸ್ಸಿನವರು, ಒಳ್ಳೆಯ ತಾಳ್ಮೆ. ಮೊದಲು ಮೂರು ಪದ ಹೇಳಿ ನೆನಪಿಟ್ಟುಕೊಳ್ಳಿ ಎಂದರು. ಆಮೇಲೆ ನೂರರಿಂದ ಏಳೇಳು ಕಳೆಯುತ್ತಾ ಹೋಗುವುದು, ಗಡಿಯಾರ ಬರೆದು ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸುವುದು, ಒಂದು ನಿಮಿಷದಲ್ಲಿ ಆದಷ್ಟು ಪ್ರಾಣಿಗಳ ಹೆಸರು ಹೇಳುವುದು. ಮೈಸೂರಿನವನಿಗೆ ಪ್ರಾಣಿಗಳ ಲೆಕ್ಕವೇ? ಮನಸ್ಸಿನಲ್ಲೇ ಝೂ ಸುತ್ತು ಹಾಕುತ್ತಾ ಹೇಳಿದೆ. ಮೂರು ಪದಗಳಲ್ಲಿ ಒಂದು ಮಾತ್ರ ಕೈಕೊಟ್ಟಿತು. "ಒಂದು ಹಣ್ಣು, ಸಾರ್" ಎಂದರು. ತಕ್ಷಣ "ಸೀಬೆ" ಅಂದೆ. ಅವರಿಗೆ ಸಮಾಧಾನವಾದದ್ದು ಅಲ್ಲೇ. ಸುಳಿವು ಕೊಟ್ಟಾಗ ಬಂತೆಂದರೆ ಅದು ಒಳಗೆ ದಾಖಲಾಗಿತ್ತು, ಹೊರಗೆ ಬರಲು ತಡವಾಯಿತು, ಅಷ್ಟೇ. ಮರೆವಿನ ಕಾಯಿಲೆಯಾದ ಆಲ್ಝೈಮರ್ಸ್‌ನಲ್ಲಿ ದಾಖಲಾಗುವುದೇ ಕೆಡುವುದರಿಂದ ಸುಳಿವಿನಿಂದಲೂ ಹೆಚ್ಚು ಪ್ರಯೋಜನವಾಗುವುದಿಲ್ಲವಂತೆ.

ನಡುವೆ ಒಮ್ಮೆ ಸಿಟ್ಟು ಬಂದದ್ದು ನಿಜ. ನಾನು ಎದುರಿಗೇ ಕೂತಿರುವಾಗ ಮಗಳನ್ನು ಕೇಳಿದರು: "ಅಪ್ಪ ಗೊತ್ತಿರುವ ದಾರಿ ತಪ್ಪುತ್ತಾರಾ? ಅದೇ ಪ್ರಶ್ನೆ ಮತ್ತೆ ಮತ್ತೆ ಕೇಳುತ್ತಾರಾ? ಬ್ಯಾಂಕಿನ ವ್ಯವಹಾರ ಯಾರು ನೋಡುತ್ತಾರೆ?" ಆಮೇಲೆ ಕಾರಣ ಹೇಳಿದರು. ನಿಜವಾಗಿ ಕಾಯಿಲೆ ಇದ್ದವರಿಗೆ ಅನೇಕ ಸಲ ತಮಗೆ ಮರೆಯುತ್ತಿದೆ ಎಂಬುದೇ ತಿಳಿಯುವುದಿಲ್ಲ, ಅದಕ್ಕೇ ಮನೆಯವರನ್ನು ಕೇಳುವುದು. ಸರಿಯೇ. ಆದರೂ ಆ ಐದು ನಿಮಿಷ ನಾನು ಪಾರ್ಸೆಲ್‌ನಂತೆ ಕೂತಿದ್ದೆ.

ಯೋಚನೆಯ ವೇಗ ಮೂವತ್ತು ದಾಟುವ ಮೊದಲೇ ಇಳಿಯತೊಡಗುತ್ತದೆ ಎಂದರು. ಅರವತ್ತು ದಾಟಿದ ಮೇಲೆ ನಮಗೆ ಕಣ್ಣಿಗೆ ಬೀಳುತ್ತದೆ. ಒಟ್ಟಿಗೆ ಎರಡು ಕೆಲಸ ನಿಭಾಯಿಸುವುದು, ಹೊಸ ಹೆಸರು, ಯಾವ ಸುದ್ದಿ ಯಾರು ಹೇಳಿದರೆಂಬುದು, ಇವು ಸೊರಗುತ್ತವೆ. ಮಿದುಳಿನ ಮುಂಭಾಗವೂ, ಹೊಸ ನೆನಪು ಕೂಡಿಡುವ ಹಿಪೊಕ್ಯಾಂಪಸ್ಸೂ ವಯಸ್ಸಿನ ಜೊತೆ ಸ್ವಲ್ಪ ಸ್ವಲ್ಪ ಕುಗ್ಗುವುದೇ ಕಾರಣ. ಪದಸಂಪತ್ತು ಮಾತ್ರ ಅರವತ್ತರ ನಂತರವೂ ಗಟ್ಟಿಯಾಗಿರುತ್ತದೆ. ಪೇಪರಿನ ಪದಬಂಧದಲ್ಲಿ ಮಗಳು ನನ್ನನ್ನು ಇನ್ನೂ ಸೋಲಿಸಿಲ್ಲ.

ಕೈಗೆ ಕೂತ ವಿದ್ಯೆಯೂ ಸುಲಭಕ್ಕೆ ಹೋಗುವುದಿಲ್ಲ. ಆರ್‌ಎಂಎಸ್‌ನಲ್ಲಿ (ರೈಲಿನಲ್ಲಿ ಟಪಾಲು ಸಾಗಿಸುವ ಅಂಚೆ ವಿಭಾಗ) ರಾತ್ರಿಪಾಳಿ ಟಪಾಲು ಸಾರ್ಟಿಂಗ್ ಮಾಡಿದವನು ನಾನು. ವಿಳಾಸದ ಕೊನೆಯ ಸಾಲು ಕಂಡರೆ ಸಾಕು, ಕೈ ತಾನಾಗಿ ಆ ಊರಿನ ಗೂಡಿಗೆ ಹೋಗುತ್ತಿತ್ತು. ಆಟೋದಲ್ಲಿ ಬರುವಾಗ ಮಗಳು ಪರೀಕ್ಷೆಗಿಳಿದಳು. ತೀರ್ಥಹಳ್ಳಿ? 577432. ಶಿರಸಿ? 581401. ಮಡಿಕೇರಿ? 571201. ಆಟೋದವನು ಕನ್ನಡಿಯಲ್ಲಿ ನೋಡಿ ನಕ್ಕ. ಎದುರುಮನೆ ಹುಡುಗಿಯ ಹೆಸರು ಆಗಲೂ ಬರಲಿಲ್ಲ. ಹೆಸರಿಗೆ ಅಂಟಿಕೊಂಡ ಅರ್ಥವಿರುವುದಿಲ್ಲವಲ್ಲ. ಒಬ್ಬಳು ನರ್ಸ್ ಎಂದರೆ ಆಸ್ಪತ್ರೆ, ಬಿಳಿ ಬಟ್ಟೆ, ಇಂಜೆಕ್ಷನ್ ಎಲ್ಲ ಕೂಡಿ ನೆನಪಾಗುತ್ತದೆ. ಹೆಸರಿಗೆ ಅಂಥ ಆಸರೆ ಇಲ್ಲ.

ಇನ್ನೊಂದು ಪಿನ್ ಕೋಡ್ ನೆನಪಾಯಿತು: 563135 ಶ್ರೀನಿವಾಸಪುರ. ಕೋಲಾರ ಜಿಲ್ಲೆಯ ಆ ಮಾವಿನ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದ ಸಾವಿರಾರು ಜನರನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ನಮ್ಮ ಐಐಎಸ್‌ಸಿಯ ಮಿದುಳು ಸಂಶೋಧನಾ ಕೇಂದ್ರ ವರ್ಷಗಳಿಂದ ಗಮನಿಸುತ್ತಿದೆಯಂತೆ. ಒಳ್ಳೆಯ ಕೆಲಸ. ಶಾಲೆಗೇ ಹೋಗದ ಅಜ್ಜಿಗೆ ನೂರರಿಂದ ಏಳು ಕಳಿ ಎಂದರೆ ಅದು ಮರೆವಿನ ಪರೀಕ್ಷೆಯೇ? ಅವರಿಗೆ ಹೊಂದುವ ಅಳತೆಗೋಲು ಬೇಕು. ನಮ್ಮ ದೇಶದಲ್ಲಿ ಅರವತ್ತು ದಾಟಿದವರಲ್ಲಿ ಡಿಮೆನ್ಶಿಯಾ (ದಿನನಿತ್ಯದ ಬದುಕಿಗೆ ಅಡ್ಡಿಯಾಗುವಷ್ಟು ಮರೆವು, ಗೊಂದಲ) ಇರುವವರು ಶೇ 7.4 ಎಂದು 2023ರಲ್ಲಿ ಪ್ರಕಟವಾದ ಅಂದಾಜು. ಈ ಅಂಕಿಯನ್ನು ಮಗಳಿಗೆ ಎರಡು ಸಲ ಹೇಳಿದೆ. (ಮರೆತು ಅಲ್ಲ, ಬೇಕೆಂದೇ.)

ವಿಟಮಿನ್ ಬಿ12 ಮತ್ತು ಥೈರಾಯ್ಡ್ ಪರೀಕ್ಷೆಗೆ ರಕ್ತ ಕೊಟ್ಟು ಬಂದೆ. ಇವು ಏರುಪೇರಾದರೂ ಮರೆವು ಬರುತ್ತದೆ, ಸರಿಪಡಿಸಬಹುದು. ಕಿವಿ ಪರೀಕ್ಷೆ ಸೋಮವಾರ. ಹೆಸರು ಮೊದಲೇ ಸರಿಯಾಗಿ ಕೇಳಿಸದಿದ್ದರೆ ನೆನಪಿಡುವುದಾದರೂ ಏನನ್ನು ಎಂದು ಡಾಕ್ಟರು ಕೇಳಿದಾಗ, ಮಗಳು ನಮ್ಮ ಮನೆಯ ಟಿವಿಯ ಸದ್ದು ಬೀದಿಯ ತುದಿಗೆ ಕೇಳುತ್ತದೆಂದು ಸಾಕ್ಷಿ ಹೇಳಿದಳು.