ಗಂಟೆ ಮೇಷ್ಟ್ರು ಮತ್ತು ನಮ್ಮ ಕುತ್ತಿಗೆ

ಕಳೆದ ಮಳೆಗಾಲದಲ್ಲಿ ನಮ್ಮ ಗಂಟೆ ಮೇಷ್ಟ್ರು ತೀರಿಕೊಂಡರು. ಡೆಂಟಲ್ ಕಾಲೇಜಿನಲ್ಲಿ ಒಸಡಿನ ವಿಭಾಗದ ಸರ್. 'ಒಂಬತ್ತು ಗಂಟೆಗೆ ಕೂರು, ಹನ್ನೊಂದಕ್ಕೆ ಸರಿ' ಅಂತ ದಿನವಿಡೀ ಕೂಗುತ್ತಿದ್ದರಿಂದ ಆ ಹೆಸರು. ಪೇಷೆಂಟಿನ ಮುಖವೇ ಗಡಿಯಾರ, ನೆತ್ತಿಯ ಕಡೆ ಹನ್ನೆರಡು. ಯಾವ ಹಲ್ಲಿಗೆ ಎಲ್ಲಿ ಕೂರಬೇಕು ಅನ್ನೋ ಲೆಕ್ಕ ಅದು.

ಅವರು ಮಾಡಿದ ಪಾಠ ಒಂದೂ ನೆನಪಿಲ್ಲ. ಕುತ್ತಿಗೆಯ ಹಿಂದೆ ಒತ್ತುತ್ತಿದ್ದ ಎರಡು ಬೆರಳು ಮಾತ್ರ ಚೆನ್ನಾಗಿ ನೆನಪಿದೆ. "ಬಾಯಿ ನಿನ್ನ ಮೊಣಕೈ ಮಟ್ಟಕ್ಕೆ ಬರಲಿ ಮಾರಾಯ, ನೀನ್ಯಾಕೆ ಬಾಯೊಳಗೆ ಹೋಗ್ತೀಯ?"

ಮೂರನೇ ವರ್ಷ ಕ್ಲಿನಿಕ್ಕಿಗೆ ಕಾಲಿಡುವಷ್ಟರಲ್ಲೇ ನಮ್ಮ ಕುತ್ತಿಗೆ ಅರ್ಧ ಕೆಟ್ಟಿತ್ತು. ಮೊದಲೆರಡು ವರ್ಷ ಲ್ಯಾಬಿನಲ್ಲಿ ಮೇಣದ ಹಲ್ಲು ಕೆತ್ತಿದ್ದು, ಹಲ್ಲುಸೆಟ್ ಜೋಡಿಸಿದ್ದು. ಕುಳ್ಳರಿಗೂ ಉದ್ದದವರಿಗೂ ಒಂದೇ ಅಳತೆಯ ಸ್ಟೂಲು. ರಾತ್ರಿ ಹಾಸ್ಟೆಲ್ ತುಂಬ ಮಹಾನಾರಾಯಣ ತೈಲದ ವಾಸನೆ. ಮೇಲಿಂದ ಕೇಸುಗಳ ಕೋಟಾ ಮುಗಿಸುವ ಗಡಿಬಿಡಿ. ತಲೆಯ ಭಾರ ಸುಮಾರು 5 ಕೆಜಿ. ಬಗ್ಗಿದಷ್ಟೂ ಕುತ್ತಿಗೆಗೆ ಹೊರೆ ಜಾಸ್ತಿ. ನಾವು 20 ಡಿಗ್ರಿ ಮೀರಿ ಬಗ್ಗಿದರೆ ಸರ್ ಕಣ್ಣಿಗೆ ಬೀಳುತ್ತಿತ್ತು.

ಮಲೆನಾಡಿನ ಬಾಯಿ ಅಂದಮೇಲೆ ಕೇಳಬೇಕೆ? ಹೊಸನಗರ, ಸಾಗರದ ಕಡೆಯಿಂದ ಬಂದವರ ಹಲ್ಲಿನಲ್ಲಿ ವರ್ಷಗಟ್ಟಲೆಯ ಎಲೆಅಡಿಕೆ ಕಲೆ. ಮೊಂಡು ಸ್ಕೇಲರ್ ಹಿಡಿದು ಕೆರೆದರೆ ಸಂಜೆಗೆ ಹೆಬ್ಬೆರಳು ಮಡಚಲಿಕ್ಕಾಗುತ್ತಿರಲಿಲ್ಲ. "ಮೊದಲು ಕಲ್ಲಿಗೆ ಮಸೆ, ಆಮೇಲೆ ಹಲ್ಲಿಗೆ ಕೈ ಹಾಕು" ಅನ್ನುತ್ತಿದ್ದರು. ಕನ್ನಡಿಗೆ ಆವಿ ಕಟ್ಟಿತು ಅಂತ ನಾವು ಬಗ್ಗಿ ನೋಡಿದರೆ, ಅದೇ ಕನ್ನಡಿಯನ್ನು ಪೇಷೆಂಟಿನ ಕೆನ್ನೆಯ ಒಳಗೆ ಒಮ್ಮೆ ಸವರಿ ಕೊಡುತ್ತಿದ್ದರು. ಆವಿ ಮಾಯ. ನಾನು ಇವತ್ತಿಗೂ ಹಾಗೇ ಮಾಡುತ್ತೇನೆ.

ಒಂದು ಮಧ್ಯಾಹ್ನ ಗೆಳೆಯನೊಬ್ಬ ಸಿನಿಮಾಕ್ಕೆ ಹೋಗಿದ್ದ. ಅವನ ಹಾಜರಿಗಾಗಿ ಅಭ್ಯಾಸದ ಗೊಂಬೆ ತಲೆಗೆ ಮಾಸ್ಕು, ಟೋಪಿ ಹಾಕಿ, ಕೆಳಗೆ ಏಪ್ರನ್ ತೊಡಿಸಿ ಹಿಂದಿನ ಸಾಲಿನಲ್ಲಿ ಕೂರಿಸಿದೆವು. ಐಡಿಯಾ ನನ್ನದೇ ಅನ್ನಿ. ಸರ್ ಬಾಗಿಲಲ್ಲೇ ನಿಂತು ಒಂದು ಸುತ್ತು ನೋಡಿದರು. "ಇಡೀ ಬ್ಯಾಚಿನಲ್ಲಿ ನೆಟ್ಟಗೆ ಕೂತಿರೋನು ಇವನೊಬ್ಬನೇ. ಇವನಿಗೆ ಹಾಜರಿ, ಉಳಿದವರಿಗೆಲ್ಲ ಆಬ್ಸೆಂಟ್!" ಹಾಗೇ ಹಾಕಿಯೂಬಿಟ್ಟರು.

ಈಗಿನ ಹುಡುಗರು ನನ್ನ ತೀರ್ಥಹಳ್ಳಿ ಕ್ಲಿನಿಕ್ಕಿಗೆ ಕೆಲಸ ಕಲಿಯಲು ಬರುತ್ತಾರೆ. ಜಾಣರೇ. ಕಣ್ಣಿಗೆ ಹಲ್ಲು ದೊಡ್ಡದಾಗಿ ಕಾಣಿಸುವ ದುಬಾರಿ ಕನ್ನಡಕ, ಲೂಪ್ಸ್ ಇರುತ್ತದೆ, ಕುತ್ತಿಗೆ ಮಾತ್ರ ಮೊಬೈಲ್ ನೋಡಿ ಮೊದಲೇ ಬಗ್ಗಿರುತ್ತದೆ. ನೋವು ಅಂದರೆ ಮಾತ್ರೆ ನುಂಗುತ್ತಾರೆ, ಕುರ್ಚಿ ಸರಿಸುವುದಿಲ್ಲ. ಕೈಹಿಡಿದು ತಿದ್ದಲು ಮೇಷ್ಟರುಗಳಿಗೂ ಪುರುಸೊತ್ತಿಲ್ಲ, ಅಲ್ವಾ? ನನ್ನ ಬ್ಯಾಚಿನವರಲ್ಲಿ ಬೆಲ್ಟ್ ಕಟ್ಟದೆ ಇಡೀ ದಿನ ಕೆಲಸ ಮಾಡುವವರು ಕಡಿಮೆ. ಅವರಲ್ಲಿ ನಾನೂ ಒಬ್ಬ. ಸುಮ್ನೆ ಹೇಳಿದೆ.

ಮೊನ್ನೆ ಶಿವಮೊಗ್ಗದಲ್ಲಿ ಸೇರಿದಾಗ ಸರ್ ಹೆಸರಲ್ಲಿ ಚಿನ್ನದ ಪದಕ ಇಡೋಣ ಅಂತ ಮಾತು ಬಂತು. ಪದಕ ಬೇಡ, ಲ್ಯಾಬಿಗೆ ಎತ್ತರ ಬದಲಿಸಬಹುದಾದ ಸ್ಟೂಲು ಕೊಡಿಸೋಣ ಅಂದೆ. ಮೊದಲ ಐದರ ದುಡ್ಡು ನನ್ನದು. ಉಳಿದದ್ದಕ್ಕೆ ಇದನ್ನು ಓದುತ್ತಿರುವ ಬ್ಯಾಚ್‌ಮೇಟ್‌ಗಳು ಕೈಜೋಡಿಸಿ.