ಹಾಯಿಯ ಸೆರಗಿನ ಹಗ್ಗ

‘ಶೀಟ್ ಬಿಡ್ರೀ!’ ಅಂತ ಹಿಂದಿನಿಂದ ನಾನು ಕೂಗಿದ್ದಕ್ಕೆ, ಮುಂದೆ ಕೂತಿದ್ದ ಹುಬ್ಬಳ್ಳಿಯವರು ಎರಡೂ ಕೈಯಲ್ಲಿ ಹಾಯಿಯ ಬಟ್ಟೆಯನ್ನೇ ಹಿಡಿದು ಆಚೆ ನೂಕಿದರು. ಗೋವಾದ ದೋನಾ ಪಾವ್ಲಾ, ಫೆಬ್ರವರಿಯ ಮಧ್ಯಾಹ್ನ, ಕಡಲಗಾಳಿ ಬಲಿಯುವ ಹೊತ್ತು. ದೋಣಿ ಮಗುಚಿತು. ಇಬ್ಬರೂ ಜುವಾರಿ ನದೀಮುಖದ ಉಪ್ಪುನೀರಲ್ಲಿ.

ಅವರನ್ನು ಬೈದು ಫಲವಿಲ್ಲ. ಶೀಟ್ ಅಂದರೆ ಯಾರಿಗಾದರೂ ಬಟ್ಟೆಯೋ ಹಾಳೆಯೋ ನೆನಪಾಗುತ್ತದೆ. ದೋಣಿಯಲ್ಲಿ ಅದು ಹಗ್ಗ, ಹಾಯಿಯನ್ನು ಎಳೆದು ಸಡಿಲಿಸುವ ಹಗ್ಗ. ಹಳೆಯ ಇಂಗ್ಲಿಷಿನಲ್ಲಿ ಹಾಯಿಯ ಕೆಳಮೂಲೆಗೆ ‘ಶೇಆಟಾ’ ಅನ್ನುತ್ತಿದ್ದರು. ಆ ಮೂಲೆಗೆ ಕಟ್ಟಿದ ಹಗ್ಗಕ್ಕೂ ಅದೇ ಹೆಸರು ಅಂಟಿ, ಸವೆದು ಶೀಟ್ ಆಯಿತು. ಹಾಸಿಗೆಯ ಶೀಟ್ ಇದರ ದಾಯಾದಿ. ಹಳೆಯ ನಾರ್ಸ್ ಭಾಷೆಯ ‘ಸ್ಕೌಟ್’ ಕೂಡ ಬಟ್ಟೆಯ ಅಂಚು, ಮೂಲೆ. ನಮ್ಮಲ್ಲಿ ಸೆರಗು ಅಂದರೆ ಸಾಕು. ಈಗ ದೊಡ್ಡ ಹಾಯಿಯ ಶೀಟ್ ಮೂಲೆಗಲ್ಲ, ಬೂಮ್ ಎಂಬ ಅಡ್ಡಕಂಬಕ್ಕೆ ಕಟ್ಟಿರುತ್ತದೆ. ಹೆಸರು ಮಾತ್ರ ಸೆರಗಿನದೇ.

ಮುಂದಿನ ಸಣ್ಣ ಹಾಯಿ, ಅಂದರೆ ಜಿಬ್, ಮಾತ್ರ ಹಳೆಯ ಪದ್ಧತಿಯನ್ನು ಬಿಟ್ಟಿಲ್ಲ. ಅದರ ಮೂಲೆಗೆ ಬೋಲೈನ್ ಗಂಟು, ಎಡಕ್ಕೊಂದು ಬಲಕ್ಕೊಂದು ಹಗ್ಗ. ಎರಡೂ ದೋಣಿಯ ಬದಿಯಲ್ಲಿರುವ ಬಳೆಯಲ್ಲಿ ತೂರಿ, ಹಗ್ಗವನ್ನು ಕಚ್ಚಿ ಹಿಡಿಯುವ ಕ್ಲೀಟ್‌ನ ಹಲ್ಲುಗಳ ನಡುವೆ ಬರುತ್ತವೆ. ಹಗ್ಗ ಬಿಡಬೇಕಾದರೆ ಸುಮ್ಮನೆ ಕೈಬಿಟ್ಟರಾಗದು, ಹಲ್ಲು ಕಚ್ಚಿಕೊಂಡೇ ಇರುತ್ತದೆ. ತುಸು ಹಿಂದಕ್ಕೆಳೆದು ಮೇಲಕ್ಕೆ ಚಿಮ್ಮಿಸಬೇಕು. ಗಾಳಿ ಬಡಿದಾಗ ಭಾರ ಹೆಚ್ಚಿ ಇದೇ ಕಷ್ಟವಾಗುತ್ತದೆ. ಅದಕ್ಕೇ ಬಿರುಗಾಳಿಯಲ್ಲಿ ದೊಡ್ಡ ಹಾಯಿಯ ಶೀಟನ್ನು ಕ್ಲೀಟಿಗೆ ಹಾಕದೆ ಕೈಯಲ್ಲೇ ಹಿಡಿದಿರಬೇಕು. ಕೈಗೆ ಸುತ್ತಿಕೊಳ್ಳುವುದಂತೂ ಬೇಡವೇ ಬೇಡ.

ಮಗುಚಿದ ದೋಣಿಯನ್ನು ಎತ್ತುವಾಗಲೂ ಮೊದಲು ಶೀಟ್ ಸಡಿಲಿಸಬೇಕು. ಇಲ್ಲವಾದರೆ ಹಾಯಿ ನೀರಿನಿಂದ ಮೇಲೇಳುತ್ತಿದ್ದಂತೆ ಗಾಳಿ ತುಂಬಿಕೊಂಡು ದೋಣಿ ಮತ್ತೆ ಆಚೆ ಮಗ್ಗುಲಿಗೆ ಬೀಳುತ್ತದೆ. ಆವತ್ತೂ ಒಮ್ಮೆ ಬಿತ್ತು. ಸಡಿಲಿಸಿ, ದೋಣಿಯ ತಳದಿಂದ ಚಾಚಿಕೊಂಡಿರುವ ಸೆಂಟರ್‌ಬೋರ್ಡ್ ಎಂಬ ಹಲಗೆಯ ಮೇಲೆ ನಿಂತು ಬೆನ್ನು ಹಿಂದಕ್ಕೆ ಚಾಚಿದಾಗ ದೋಣಿ ಎದ್ದಿತು. ಆದರೆ ಜಿಬ್‌ನ ಬಲಗಡೆಯ ಶೀಟ್ ಬಳೆಯಿಂದ ಜಾರಿಹೋಗಿ ಹಾಯಿಯ ಜೊತೆ ಪಟಪಟ ಬಡಿಯುತ್ತಿತ್ತು. ತುದಿಗೆ ಎಂಟರ ಆಕಾರದ ಗಂಟು ಹಾಕಿರಲಿಲ್ಲ. ಹುಬ್ಬಳ್ಳಿಯವರು ಮುಂದಕ್ಕೆ ತೆವಳಿ ಅದನ್ನು ಹಿಡಿದು ತಿರುಗಿದರು: ‘ಇದೇ ಏನ್ರೀ ನಿಮ್ಮ ಸೆರಗು?’