ಉಪ್ಪಿನಾಗರದ ಊರಿನಿಂದ ಉಯುನಿಯ ಬಯಲಿಗೆ

ಗೋಕರ್ಣದ ಪಕ್ಕದ ಸಾಣಿಕಟ್ಟಾದಲ್ಲಿ ಉಪ್ಪಿನಾಗರದ ಬದುವಿನ ಮೇಲೆ ನಡೆದು ಬೆಳೆದ ನಾನು, ಉಪ್ಪೆಂದರೆ ಕಡಲಂಚಿನ ವಸ್ತುವೆಂದೇ ನಂಬಿದ್ದೆ. ಬೊಲಿವಿಯಾದಲ್ಲಿ ಸುಮಾರು 3,650 ಮೀಟರ್ ಎತ್ತರದಲ್ಲಿ, 10,000 ಚದರ ಕಿಲೋಮೀಟರಿಗೂ ಮಿಕ್ಕಿ ಹರಡಿರುವ ಉಯುನಿಯ ಉಪ್ಪಿನ ಬಯಲನ್ನು ಕಳೆದ ಆಗಸ್ಟ್‌ನಲ್ಲಿ ಒಂದು ದಿನ ಸುತ್ತಿದ ಮೇಲೆ ಆ ನಂಬಿಕೆ ಉಳಿಯಲಿಲ್ಲ.

ಬೆಳಿಗ್ಗೆ ಜೀಪು ಹಳೆಯ ಉಗಿಬಂಡಿಗಳು ತುಕ್ಕು ಹಿಡಿದು ನಿಂತಿರುವ ಜಾಗವನ್ನು ತೋರಿಸಿ, ಕೊಲ್ಚಾನಿ ಎಂಬ ಹಳ್ಳಿಗೆ ಕರೆದೊಯ್ದಿತು. ಅಲ್ಲಿನವರು ಉಪ್ಪನ್ನು ಒಣಗಿಸಿ, ಅಯೋಡಿನ್ ಬೆರೆಸಿ, ಸಣ್ಣ ಚೀಲಗಳಿಗೆ ತುಂಬುತ್ತಾರೆ. ಎತ್ತರಕ್ಕೆ ತಲೆ ಭಾರವಾಗಿದ್ದರಿಂದ ನಾನು ಕೋಕಾ ಎಲೆಯ ಕಷಾಯ ಕುಡಿದೆ.

ಬಯಲಿನ ನಡುವೆ ಇಳಿದು ಮೊಣಕಾಲೂರಿ ನೋಡಿದಾಗ, ಆರು ಮೂಲೆಯ ಗೆರೆಗಳು ಬೆರಳೆತ್ತರ ಉಬ್ಬಿ ನಿಂತಿದ್ದವು. ಅಂಗೈಯಿಟ್ಟರೆ ಚರ್ಮ ಉರಿಯುವಷ್ಟು ಒರಟು. ಪ್ರಾಚೀನ ಸರೋವರವೊಂದು ಬತ್ತಿ ಈ ಪದರ ಉಳಿಯಿತೆಂದೂ, ಪ್ರತಿ ಮಳೆಗಾಲದ ನೀರು ಮೇಲ್ಪದರವನ್ನು ಕರಗಿಸಿ ಮತ್ತೆ ಆರುವುದರಿಂದ ನೆಲ ಇಷ್ಟು ಸಮತಟ್ಟಾಗಿದೆಯೆಂದೂ ಮಾರ್ಗದರ್ಶಕರು ವಿವರಿಸಿದರು. ನಮ್ಮಲ್ಲಿ ಭರತದ ನೀರನ್ನು ಗದ್ದೆಗೆ ಕಟ್ಟಿ, ಬಿಸಿಲಿಗೆ ಬಿಟ್ಟು, ಮರದ ಹಲಗೆಯಿಂದ ಎಳೆದು ಗುಡ್ಡೆ ಹಾಕುವ ಕೆಲಸವನ್ನು ಅಲ್ಲಿ ಮಳೆ, ಬಿಸಿಲುಗಳೇ ಮಾಡಿವೆ. ಮಧ್ಯಾಹ್ನ, ಉಪ್ಪಿನ ಬಯಲಿನ ನಡುವೆ ಕಲ್ಲುಗುಡ್ಡವಾಗಿ ಎದ್ದಿರುವ ಇಂಕಾವಾಸಿ ‘ದ್ವೀಪ’ದ ಎತ್ತರದ ಪಾಪಾಸುಕಳ್ಳಿಗಳ ನೆರಳಿನಲ್ಲಿ ಊಟ ಮಾಡಿದೆವು.

ಕೊಲ್ಚಾನಿಯ ಒಂದು ಚೀಲ ಉಪ್ಪನ್ನು ಆಯಿಗೆ ತಂದುಕೊಟ್ಟೆ. ಅವಳು ಅದನ್ನು ನಮ್ಮ ಕಂದು ಛಾಯೆಯ ಉಪ್ಪಿನ ಭರಣಿಯ ಪಕ್ಕದಲ್ಲೇ ಇಟ್ಟಿದ್ದಾಳೆ.